ಕೈ ಎಷ್ಟು ನಿಧಾನವಾಗಿ ಸಾಗಬೇಕು?

ಕೂಸಿಗೆ ಎಣ್ಣೆ ಹಚ್ಚಲು ನಮ್ಮಜ್ಜಿ ಕಾಲು ನೀಡಿ ಕೂರುತ್ತಿದ್ದಳು. ಮಗುವನ್ನು ಕಾಲ ಮೇಲೆ ಬೋರಲು ಹಾಕಿಕೊಂಡು, ಬೆಚ್ಚಗಿನ ಕೊಬ್ಬರಿ ಎಣ್ಣೆಯನ್ನು ಮೊದಲು ತನ್ನ ಮಣಿಕಟ್ಟಿಗೆ ಸವರಿ ನೋಡಿ, ಆಮೇಲೆ ಬೆನ್ನಿನ ಮೇಲೆ ಉದ್ದಕ್ಕೆ ಒಮ್ಮೆ ನೇವರಿಸುತ್ತಿದ್ದಳು. ಮಗು ಸೆಟೆದುಕೊಂಡರೆ ಕೈ ಅಲ್ಲೇ ನಿಲ್ಲುತ್ತಿತ್ತು. ಅಣ್ಣನ ಮಗಳಿಗೆ ಒತ್ತಿ ತಿಕ್ಕಿದರೆ ನಿದ್ದೆ. ಅವಳ ತಮ್ಮನಿಗೆ ಹಾಗೆಯೇ ಮಾಡಿದರೆ ಓಣಿಗೆಲ್ಲ ಕೇಳುವಂಥ ಅಳು.

ಈಗ ಮಸಾಜ್ ಕೇಂದ್ರಗಳ ಫಲಕ ನೋಡಿ. ದೇಹದ ವಿಷ ಹೊರಹಾಕುತ್ತೇವೆ, ಲ್ಯಾಕ್ಟಿಕ್ ಆಮ್ಲ ಹಿಂಡಿ ತೆಗೆಯುತ್ತೇವೆ ಎಂದು ಬರೆದಿರುತ್ತದೆ. ವಿಷ ತೆಗೆಯಲು ಯಕೃತ್ತು, ಮೂತ್ರಪಿಂಡಗಳಿವೆ. ಅವು ಸೋತರೆ ಯಾವ ಎಣ್ಣೆಯೂ ಕಾಯುವುದಿಲ್ಲ. ಲ್ಯಾಕ್ಟಿಕ್ ಆಮ್ಲವಂತೂ ವ್ಯಾಯಾಮ ನಿಲ್ಲಿಸಿದ ಸುಮಾರು ಒಂದು ಗಂಟೆಯೊಳಗೆ ತಾನಾಗಿಯೇ ಇಳಿದುಹೋಗುತ್ತದೆ. ಹಾಗಾದರೆ ಮೃದುವಾದ ಕೈ ಏನನ್ನೂ ಮಾಡುವುದಿಲ್ಲವೇ? ಮಾಡುತ್ತದೆ, ಅದೂ ಈ ಕಟ್ಟುಕಥೆಗಳಿಗಿಂತ ಎಷ್ಟೋ ಸೊಗಸಾದ ದಾರಿಯಲ್ಲಿ.

ಚರ್ಮದಿಂದ ಮಿದುಳಿಗೆ ಸ್ಪರ್ಶದ ಸುದ್ದಿ ಒಯ್ಯಲು ಎರಡು ಬಗೆಯ ನರತಂತುಗಳಿವೆ. ಮಯಲಿನ್ ಎಂಬ ಕೊಬ್ಬಿನ ಹೊದಿಕೆಯ ದಪ್ಪ ತಂತುಗಳಲ್ಲಿ ಸುದ್ದಿ ಸೆಕೆಂಡಿಗೆ ಸುಮಾರು 50 ಮೀಟರ್ ಓಡುತ್ತದೆ. ಹೊದಿಕೆಯಿಲ್ಲದ ತೆಳು ತಂತುಗಳಲ್ಲಿ ಸೆಕೆಂಡಿಗೆ ಹೆಚ್ಚುಕಡಿಮೆ 1 ಮೀಟರ್, ಅಷ್ಟೆ. ಮೊದಲನೆಯದು ತಂತಿ ಸಮಾಚಾರ, ಎರಡನೆಯದು ಅಂಚೆಯ ಕಾಗದ. ತಂತಿಯಲ್ಲಿ ‘ಮುಂಗೈ ಮೇಲೆ ಏನೋ ಮುಟ್ಟಿತು’ ಎಂಬ ಖಬರು ಮಾತ್ರ ಬರುತ್ತದೆ. ಕಾಗದದಲ್ಲಿ ಬರೆದವರ ಮನಸ್ಸಿರುತ್ತದೆ. ಸಿ-ಟ್ಯಾಕ್ಟೈಲ್ ಎಂಬ ಈ ತೆಳು ತಂತುಗಳು ಕೂದಲಿರುವ ಚರ್ಮದಲ್ಲಿ ಧಾರಾಳ, ಅಂಗೈಯಲ್ಲಿ ಬಲು ವಿರಳ.

ಇವುಗಳ ಕಥೆಯೇ ಒಂದು ತಮಾಷೆ. ಸ್ವೀಡನ್ನಿನ ವಿಜ್ಞಾನಿ ಯಂಗ್ವೆ ಜೊಟರ್‌ಮನ್ 1939ರಲ್ಲಿ ಬೆಕ್ಕಿನಲ್ಲಿ ಇವನ್ನು ಗುರುತಿಸಿದ್ದರು. ಮನುಷ್ಯನಲ್ಲಿ ಇವು ಇರಲಾರವು ಎಂಬ ನಂಬಿಕೆ ಅರ್ಧ ಶತಮಾನ ಉಳಿಯಿತು. 1960ರ ದಶಕದಲ್ಲಿ ಸ್ವೀಡನ್ನಿನದೇ ಉಪ್ಸಾಲಾದ ವಿಜ್ಞಾನಿಗಳಾದ ಹಾಗ್‌ಬಾರ್ತ್ ಮತ್ತು ವಾಲ್ಬೊ ಕೂದಲೆಳೆಯಷ್ಟು ಸಣ್ಣ ಸೂಜಿಯನ್ನು ತಮ್ಮದೇ ತೋಳಿನ ನರಕ್ಕೆ ಚುಚ್ಚಿಕೊಂಡು ಒಂದೊಂದೇ ತಂತುವಿನ ಮಿಡಿತ ಕೇಳುವ ವಿಧಾನ ಕಟ್ಟಿದರು. (ಸಂಶೋಧನೆ ಎಂದರೆ ಹೀಗಿರಬೇಕು!) ಆ ಸೂಜಿಯಿಂದಲೇ 1980ರ ದಶಕದ ಕೊನೆಗೆ ಮನುಷ್ಯನ ಮುಖದಲ್ಲಿ, ಆಮೇಲೆ ಮುಂಗೈಯಲ್ಲಿ ಈ ತಂತುಗಳು ಸಿಕ್ಕವು. ದಪ್ಪ ತಂತುಗಳನ್ನೆಲ್ಲ ಕಾಯಿಲೆಯಿಂದ ಕಳೆದುಕೊಂಡಿದ್ದ ಕೆನಡಾದ ಮಹಿಳೆಯೊಬ್ಬರ ಮುಂಗೈಯನ್ನು ಮೆತ್ತನೆಯ ಕುಂಚದಿಂದ ಸವರಿದ ಪ್ರಯೋಗ 2002ರಲ್ಲಿ ಪ್ರಕಟವಾಯಿತು. ಅವರಿಗೆ ಮಸುಕಾದ, ಆದರೆ ಹಿತವಾದ ಏನೋ ಒಂದು ತಿಳಿಯುತ್ತಿತ್ತು. ಮಿದುಳಿನಲ್ಲಿ ಎಚ್ಚೆತ್ತದ್ದು ಭಾವನೆಗಳೊಂದಿಗೆ ನಂಟಿರುವ ಇನ್ಸುಲಾ ಎಂಬ ಭಾಗ.

ಈ ತಂತುಗಳಿಗೆ ವೇಗದ ಹಟವಿದೆ. ಕೈ ಸೆಕೆಂಡಿಗೆ 1ರಿಂದ 10 ಸೆಂಟಿಮೀಟರ್ ಸಾಗಿದರೆ ಚೆನ್ನಾಗಿ ಮಿಡಿಯುತ್ತವೆ. ಅದಕ್ಕಿಂತ ನಿಧಾನವಾದರೂ ಬಿರುಸಾದರೂ ಮಂಕಾಗುತ್ತವೆ. ಕಾವಲಿಯ ಮೇಲೆ ದೋಸೆ ಹಿಟ್ಟು ಹರಡುವವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಸೌಟು ತಡೆದರೆ ಹಿಟ್ಟು ಗಂಟು, ಓಡಿದರೆ ದೋಸೆ ತೂತು. ಕಾವಲಿಯ ಕಾವೂ ಲೆಕ್ಕಕ್ಕಿದೆ. ಚರ್ಮದ್ದೇ ಬಿಸುಪಾದ ಸುಮಾರು 32 ಡಿಗ್ರಿಯ ಸ್ಪರ್ಶಕ್ಕೆ ಈ ತಂತುಗಳು ಒಲಿದಷ್ಟು ತಣ್ಣನೆಯದಕ್ಕಾಗಲಿ ಸುಡುವುದಕ್ಕಾಗಲಿ ಒಲಿಯುವುದಿಲ್ಲ. ಅಜ್ಜಿಯ ಮಣಿಕಟ್ಟಿನ ಪರೀಕ್ಷೆ ಸುಮ್ಮನೆ ಅಲ್ಲ.

ಇಷ್ಟು ತಿಳಿದ ಕೂಡಲೇ ಯಾರಾದರೂ ಸೆಕೆಂಡಿಗೆ 3 ಸೆಂಟಿಮೀಟರ್ ಸವರುವ ಯಂತ್ರ ಮಾಡಿ ಮಾರಬಹುದಲ್ಲ ಎನ್ನಿಸುತ್ತದೆ. ಅಲ್ಲೇ ಎಡವುವುದು. ಯಾವ ವೇಗ ಎಷ್ಟು ಹಿತ ಎಂದು ಹಲವರು ಕೊಟ್ಟ ಅಂಕಗಳನ್ನು ಕೂಡಿಸಿ ಸರಾಸರಿ ತೆಗೆದಾಗ ನಡುವೇಗವೇ ಅತಿ ಹಿತವೆಂದು ನಕ್ಷೆಯಲ್ಲಿ ಅಂದವಾದ ಗುಡ್ಡ ಮೂಡುತ್ತದೆ. ಒಬ್ಬೊಬ್ಬರನ್ನೇ ಬಿಡಿಯಾಗಿ ನೋಡಿದರೆ ಎಷ್ಟೋ ಜನರಲ್ಲಿ ಆ ಗುಡ್ಡವೇ ಇಲ್ಲ! ಸರ್ಪಸುತ್ತಿನ ನೋವು ಉಳಿದವರಿಗೆ ಪಂಚೆಯ ಅಂಚು ತಾಗಿದರೂ ಉರಿ. ಅವಧಿಗೆ ಮುನ್ನ ಹುಟ್ಟಿದ ಶಿಶುಗಳ ಮೇಲೆ ಮಯಾಮಿಯ ಟಿಫನಿ ಫೀಲ್ಡ್ ಬಳಗ ನಡೆಸಿದ ಅಧ್ಯಯನಗಳಲ್ಲಿ ಗರಿಯಂಥ ಸ್ಪರ್ಶಕ್ಕಿಂತ ಹದವಾದ ಒತ್ತಡದಿಂದಲೇ ತೂಕ ಹೆಚ್ಚು ಏರಿತು. ಮೃದು ಎಂದರೆ ಹಗುರ ಎಂದು ಯಾರು ಹೇಳಿದರು?

ಆದ್ದರಿಂದ ‘ನಿಮಗಾಗಿಯೇ ಚಿಕಿತ್ಸೆ’ ಎಂಬ ಮಾತಿಗೆ ಅರ್ಥವಿದೆ. ಅದಕ್ಕೆ ದಿವ್ಯದೃಷ್ಟಿಯೇನೂ ಬೇಡ. ತಲೆಬುರುಡೆಯ ಮೂಳೆಗಳ ಗುಪ್ತ ಲಯವನ್ನು ಬೆರಳಿನಿಂದ ಓದುತ್ತೇವೆ ಎನ್ನುವ ಕ್ರೇನಿಯೋಸೇಕ್ರಲ್ ಚಿಕಿತ್ಸಕರಿದ್ದಾರೆ. ಒಂದೇ ತಲೆಯನ್ನು ಬೇರೆ ಬೇರೆ ಚಿಕಿತ್ಸಕರು ಹಿಡಿದು ಎಣಿಸಿದಾಗ ಲೆಕ್ಕಕ್ಕೆ ಲೆಕ್ಕ ಹೊಂದಲಿಲ್ಲ. ಮಲಗಿದ್ದವರಿಗೆ ಹಾಯೆನಿಸಿದ್ದು ಸುಳ್ಳಲ್ಲ. ಅದಕ್ಕೆ ಬೆಚ್ಚಗಿನ, ಅವಸರವಿಲ್ಲದ ಕೈ ಸಾಕು.

ಹೋದ ವರ್ಷ ನನ್ನ ಎಡಭುಜ ಹಿಡಿದುಕೊಂಡಿತ್ತು. ‘ನೋವಾದರೇ ಗುಣ’ ಎಂದು ಒಬ್ಬರು ಮೊಣಕೈಯಿಂದ ತುಳಿದಂತೆ ಒತ್ತಿದರು. ಮೂರು ದಿನ ಅಂಗಿಯ ತೋಳಿಗೆ ಕೈ ತೂರಿಸಲಾಗಲಿಲ್ಲ. ಆಮೇಲೆ ಸಿಕ್ಕ ಫಿಸಿಯೋಥೆರಪಿಸ್ಟ್ ಮೊದಲು ಮುಟ್ಟಿದ್ದು ನೋವಿಲ್ಲದ ಬಲಭುಜವನ್ನು.

“ಹೀಗೆ ಸರಿಯೇ?”

“ಸರಿ.”

ಅದೇ ಕೈ, ಅದೇ ವೇಗದಲ್ಲಿ ಎಡಕ್ಕೆ ಬಂದಾಗ ನನಗೆ ಕಚಗುಳಿಯಾಗಿ ನಗು ಬಂತು. ಆಕೆ ಕೈ ತೆಗೆಯಲಿಲ್ಲ. ಅಂಗೈಯನ್ನು ಚಪ್ಪಟೆಯಾಗಿ ಊರಿ ತುಸು ಭಾರ ಕೊಟ್ಟು, ಮತ್ತೆ ಕೇಳಿದರು: “ಈಗ?”