ನೀರಿನಲ್ಲಿರುವ ಫಾಸ್ಫೇಟ್ ಹಿಡಿಯುವ ಫ್ಲೋರೆಸೆಂಟ್ ಸೆನ್ಸರ್‌ಗಳು

ಯಾವುದೇ ಫಾಸ್ಫೇಟ್ ಸೆನ್ಸರ್ (ಫಾಸ್ಫೇಟ್ ಸಿಕ್ಕಾಗ ಹೊಳಪು ಬದಲಿಸುವ ಅಣು) ಬಗ್ಗೆ ಓದುವಾಗ ನಾನು ಮೊದಲು ನೋಡುವುದು ದ್ರಾವಕವನ್ನು. ಅಸಿಟೋನೈಟ್ರೈಲ್ ಎಂಬ ಸಾವಯವ ದ್ರಾವಕದಲ್ಲಿ ಸೊಗಸಾಗಿ ಕೆಲಸ ಮಾಡುವ ಎಷ್ಟೋ ಅಣುಗಳು ನೀರಿಗೆ ಬಿದ್ದರೆ ಸುಮ್ಮನಾಗುತ್ತವೆ. ಫಾಸ್ಫೇಟ್ ಅಯಾನನ್ನು ನೀರಿನ ಅಣುಗಳು ಹೈಡ್ರೋಜನ್ ಬಂಧದಿಂದ ಬಿಗಿಯಾಗಿ ಸುತ್ತಿಕೊಂಡಿರುತ್ತವೆ. ಅವನ್ನು ಸರಿಸಿ ಒಳಗೆ ಹೋಗುವುದು ಸುಲಭವಲ್ಲ. ಇದರ ಮೇಲೆ ಪಿಎಚ್ ತಲೆನೋವು ಬೇರೆ: 7.2ರ ಹತ್ತಿರ ಒಂದು ಋಣ ಆವೇಶದ ರೂಪವೂ ಎರಡು ಋಣ ಆವೇಶದ ರೂಪವೂ ಸುಮಾರು ಅರ್ಧರ್ಧ ಇರುತ್ತವೆ.

1989ರಲ್ಲಿ ರಸಾಯನಶಾಸ್ತ್ರಜ್ಞ ಝಾರ್ನಿಕ್ ತಂಡ ಮಾಡಿದ ಸೆನ್ಸರ್ ಅನ್ನು ನಿಧಾನವಾಗಿ ಅರ್ಥ ಮಾಡಿಕೊಳ್ಳಿ, ಚೆಂದ ಇದೆ. ಆಂಥ್ರಸೀನ್ ಎಂಬ ಹೊಳೆಯುವ ಅಣುವಿಗೆ ಅಮೀನುಗಳ (ಪ್ರೋಟಾನ್ ಹಿಡಿಯಬಲ್ಲ ಸಾರಜನಕದ ಗುಂಪುಗಳ) ಬಾಲ ಜೋಡಿಸಿದ್ದರು. ಪಿಎಚ್ 6ರಲ್ಲಿ ಹೆಚ್ಚಿನ ಅಮೀನುಗಳು ಪ್ರೋಟಾನ್ ಪಡೆದಿರುತ್ತವೆ. ಆಂಥ್ರಸೀನ್ ಪಕ್ಕದ ಒಂದು ಮಾತ್ರ ಖಾಲಿ. ಬೆಳಕು ಬಿದ್ದಾಗ ಅದು ತನ್ನ ಎಲೆಕ್ಟ್ರಾನನ್ನು ಆಂಥ್ರಸೀನ್‌ಗೆ ದಾಟಿಸಿ ಹೊಳಪನ್ನು ಆರಿಸಿಬಿಡುತ್ತದೆ. ಫಾಸ್ಫೇಟ್ ಬಂದು ಉಳಿದ ಅಮೀನುಗಳಿಗೆ ಅಂಟಿ, ತನ್ನಲ್ಲಿರುವ ಪ್ರೋಟಾನನ್ನು ಈ ಖಾಲಿ ಅಮೀನಿನ ಕಡೆ ಚಾಚುತ್ತದೆ. ಎಲೆಕ್ಟ್ರಾನ್ ದಾಟುವುದು ನಿಲ್ಲುತ್ತದೆ, ಆಂಥ್ರಸೀನ್ ಹೊಳೆಯುತ್ತದೆ. ಆದರೆ ಹಿಡಿತ ತುಂಬಾ ಸಡಿಲ. ಕೆರೆಯಲ್ಲಿ ಪಾಚಿ ಹಬ್ಬಲು ಫಾಸ್ಫೇಟಿನಲ್ಲಿರುವ ರಂಜಕ ಲೀಟರಿಗೆ 0.1 ಮಿಲಿಗ್ರಾಂ ಇದ್ದರೇ ಧಾರಾಳ. ಅಂದರೆ ಸುಮಾರು 3 ಮೈಕ್ರೊಮೋಲಾರ್ ಅಷ್ಟೇ. ಅಷ್ಟು ಕಡಿಮೆ ಇದ್ದರೆ ಇದಕ್ಕೆ ಗೊತ್ತೇ ಆಗುವುದಿಲ್ಲ.

ಹಾಗಾಗಿ ಲೋಹದ ಅಯಾನುಗಳ ಮೊರೆ ಹೋದರು. ಎರಡು ಸತುವಿನ ಅಯಾನುಗಳನ್ನು ಡೈಪಿಕೊಲಿಲ್ಅಮೀನ್ ಎಂಬ, ಲೋಹ ಹಿಡಿಯುವ ಕೈಗಳಲ್ಲಿ ಹಿಡಿಸಿ ಅಕ್ಕಪಕ್ಕ ಇಟ್ಟರೆ, ಫಾಸ್ಫೇಟಿನ ಆಮ್ಲಜನಕಗಳು ನೀರಿನಲ್ಲಿಯೂ ಗಟ್ಟಿಯಾಗಿ ಅಂಟುತ್ತವೆ. ಹೊಳೆಯುವ ಬಣ್ಣವನ್ನು ಇದೇ ಅಣುವಿಗೆ ಹೊಲಿಯಲೇಬೇಕೆಂದಿಲ್ಲ. ಬಣ್ಣದ ಅಣುವನ್ನು ಮೊದಲೇ ಸತುವಿನ ಮೇಲೆ ಕೂರಿಸಿ, ಫಾಸ್ಫೇಟ್ ಅದನ್ನು ಎಬ್ಬಿಸಿ ಓಡಿಸುವಾಗ ಆಗುವ ಬದಲಾವಣೆಯನ್ನು ಅಳೆದರೂ ಆಯಿತು. ತೊಂದರೆ ಏನೆಂದರೆ, ಫಾಸ್ಫೇಟುಗಳು ಸರಪಳಿಯಾಗಿ ಸೇರಿರುವ ಪೈರೊಫಾಸ್ಫೇಟ್ ಮತ್ತು ಎಟಿಪಿ ಇಂಥ ಜೋಡಿ ಸತುವಿಗೆ ಇನ್ನೂ ಜೋರಾಗಿ ಅಂಟುತ್ತವೆ. ಆರ್ಸೆನಿಕ್ ಇರುವ ಅಯಾನು ಆರ್ಸೆನೇಟ್ ಅಂತೂ ಆಕಾರದಲ್ಲಿ ಫಾಸ್ಫೇಟಿನ ತದ್ರೂಪ. ಇವುಗಳ ಜೊತೆ ಪರೀಕ್ಷಿಸದೆ ‘ಫಾಸ್ಫೇಟ್ ಮಾತ್ರ ಹಿಡಿಯುತ್ತದೆ’ ಎಂದರೆ ನಂಬಬಾರದು, ಅಲ್ವಾ?

ಕೊಳೆ ನೀರಿಗೆ ನನ್ನ ಆಯ್ಕೆ, ಯುರೋಪಿಯಂ ಎಂಬ ಕೆಂಪಗೆ ಹೊಳೆಯುವ ಲೋಹದ ಅಯಾನು ಇರುವ ಸೆನ್ಸರ್. ಅಂಥ ನೀರಿನಲ್ಲಿರುವ ಸಾವಯವ ಕಸವೂ ಹೊಳೆಯುತ್ತದೆ, ಆದರೆ ನ್ಯಾನೊಸೆಕೆಂಡುಗಳಲ್ಲಿ ಆರಿಹೋಗುತ್ತದೆ. 615 ನ್ಯಾನೊಮೀಟರ್ ಸುಮಾರಿನ ಯುರೋಪಿಯಂ ಕೆಂಪು ಅದಕ್ಕಿಂತ ಸಾವಿರಾರು ಪಟ್ಟು ಹೊತ್ತು ಉಳಿಯುತ್ತದೆ. ಸ್ವಲ್ಪ ತಡೆದು ಅಳೆದರೆ ಕಸದ ಗದ್ದಲ ಇರುವುದಿಲ್ಲ.

ಇನ್ನೊಂದು ವಿಷಯ. ಈ ಸೆನ್ಸರ್‌ಗಳು ಕರಗಿದ ಫಾಸ್ಫೇಟನ್ನಷ್ಟೇ ನೋಡುತ್ತವೆ. ಪಾಚಿಯೊಳಗೆ, ಮಣ್ಣಿನ ಕಣಗಳಲ್ಲಿ ಸಿಕ್ಕಿಕೊಂಡ ರಂಜಕವೂ ಲೆಕ್ಕಕ್ಕೆ ಬೇಕಾದರೆ ಮಾದರಿಯನ್ನು ಮೊದಲು ಆಮ್ಲದಲ್ಲಿ ಕಾಯಿಸಿ ಒಡೆಯಬೇಕು.