ಜರ್ಮನಿಗೆ ಅಪ್ರೆಂಟಿಸ್ ಆಗಿ ಹೋಗುವವರು ಶಾಲೆಗೂ ಹೋಗಬೇಕು

ನನ್ನ ಜರ್ಮನ್ ಕ್ಲಾಸಿಗೆ ವಿಚಾರಿಸಲು ಬರುವ ಅಪ್ಪ-ಅಮ್ಮಂದಿರು ಸಾಮಾನ್ಯವಾಗಿ ಮೂರು ಪ್ರಶ್ನೆ ಕೇಳುತ್ತಾರೆ. ಬಿ1 ಅನ್ನುವ ಭಾಷಾ ಹಂತ ಎಷ್ಟು ತಿಂಗಳಲ್ಲಿ ಮುಗಿಯುತ್ತದೆ? ವೀಸಾ ಯಾವಾಗ ಸಿಗುತ್ತದೆ? ತಿಂಗಳಿಗೆ ಎಷ್ಟು ಬರುತ್ತದೆ? 2024ರ ಅಕ್ಟೋಬರ್‌ನಲ್ಲಿ ಜರ್ಮನಿ ಭಾರತದ ನುರಿತ ಕೆಲಸಗಾರರಿಗೆ ಕೊಡುವ ವೀಸಾವನ್ನು ವರ್ಷಕ್ಕೆ 20,000ದಿಂದ 90,000ಕ್ಕೆ ಏರಿಸುವುದಾಗಿ ಹೇಳಿತು. ಅದಾದ ಮೇಲೆ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯಿಂದಲೂ ವಿಚಾರಿಸುವವರು ಜಾಸ್ತಿಯಾಗಿದ್ದಾರೆ. ಆದರೆ ಅಲ್ಲಿನ ಶಾಲೆಯ ಬಗ್ಗೆ ಕೇಳುವವರು ತೀರಾ ಕಡಿಮೆ. ಮಕ್ಕಳು ಹೋದ ಮೇಲೆ ಒದ್ದಾಡುವುದು ಅಲ್ಲೇ.

ಔಸ್‌ಬಿಲ್ಡುಂಗ್ ಅಂದರೆ ಕೆಲಸ ಮಾಡುತ್ತಲೇ ವೃತ್ತಿ ಕಲಿಯುವ ವ್ಯವಸ್ಥೆ. ಅದಕ್ಕೆ 1969ರಿಂದಲೇ ಅಲ್ಲಿ ಪ್ರತ್ಯೇಕ ಕಾನೂನಿದೆ. ಮುನ್ನೂರಕ್ಕೂ ಹೆಚ್ಚು ವೃತ್ತಿಗಳಲ್ಲಿ ಇಂಥ ತರಬೇತಿ ಸಿಗುತ್ತದೆ. ಅವಧಿ ಸಾಮಾನ್ಯವಾಗಿ ಎರಡರಿಂದ ಮೂರೂವರೆ ವರ್ಷ. ವಾರದಲ್ಲಿ ಮೂರ್ನಾಲ್ಕು ದಿನ ಕಂಪನಿ, ಒಂದೆರಡು ದಿನ ಬೆರೂಫ್‌ಶೂಲೆ ಎಂಬ ವೃತ್ತಿಶಾಲೆ. ಕೆಲವು ಕಡೆ ಶಾಲೆಯನ್ನು ಒಟ್ಟಿಗೆ ಕೆಲವು ವಾರ ನಡೆಸುತ್ತಾರೆ. ಕೊನೆಯ ಪರೀಕ್ಷೆಯನ್ನು ಕಂಪನಿಯೂ ನಡೆಸುವುದಿಲ್ಲ, ಶಾಲೆಯೂ ನಡೆಸುವುದಿಲ್ಲ. ಹೆಚ್ಚಿನ ವೃತ್ತಿಗಳಲ್ಲಿ ಅದು ಆ ಊರಿನ ವಾಣಿಜ್ಯ ಅಥವಾ ಕುಶಲಕರ್ಮಿ ಮಂಡಳಿಯ ಕೈಯಲ್ಲಿರುತ್ತದೆ. ಕಂಪನಿಯ ಯಜಮಾನರಿಗೆ ನೀವು ಎಷ್ಟೇ ಇಷ್ಟವಾದರೂ, ಪರೀಕ್ಷೆ ಪಾಸಾಗದೆ ಸರ್ಟಿಫಿಕೇಟ್ ಇಲ್ಲ.

ನಮ್ಮ ಹುಡುಗರಿಗೆ ಮೆಷಿನ್ ಹೊಸದಲ್ಲ. ಮಾಚೇನಹಳ್ಳಿಯ ಫೌಂಡ್ರಿಗಳಲ್ಲಿ ಕೆಲಸ ಮಾಡಿದವರು, ಭದ್ರಾವತಿಯಲ್ಲಿ ಫಿಟ್ಟರ್ ಅಥವಾ ಟರ್ನರ್ ಓದಿದವರು ಲೇತ್ ಮುಂದೆ ನಿಂತರೆ ಅಲ್ಲಿಯ ಹುಡುಗರಿಗೆ ಏನೂ ಕಡಿಮೆಯಿಲ್ಲ. ಕಷ್ಟ ಶುರುವಾಗುವುದು ಪೆನ್ನು ಹಿಡಿದಾಗ. ಪ್ರತಿ ಅಪ್ರೆಂಟಿಸ್‌ಗೂ ಬೆರಿಷ್ಟ್‌ಸ್‌ಹೆಫ್ಟ್ ಎಂಬ ವರದಿ ಪುಸ್ತಕ ಇರುತ್ತದೆ. ಈ ವಾರ ಕಂಪನಿಯಲ್ಲಿ ಏನು ಮಾಡಿದೆ, ಶಾಲೆಯಲ್ಲಿ ಏನು ಕಲಿತೆ ಅಂತ ಅದರಲ್ಲಿ ಬರೆಯಬೇಕು. ತರಬೇತುದಾರರು ಓದಿ ಸಹಿ ಹಾಕುತ್ತಾರೆ. ಅದು ಸರಿಯಾಗಿ ತುಂಬಿರದಿದ್ದರೆ ಕೊನೆಯ ಪರೀಕ್ಷೆಗೆ ಕೂರಿಸುವುದೇ ಇಲ್ಲ. ಇದು ಕಾನೂನಿನಲ್ಲೇ ಇದೆ.

ಅದಕ್ಕೇ ನಾನು ಬಿ1ಗಿಂತ ಹಿಂದಿನ ಹಂತವಾದ ಎ2 ಮುಗಿದ ತಕ್ಷಣ ಕ್ಲಾಸಿನಲ್ಲೇ ವರದಿ ಪುಸ್ತಕ ಬರೆಸಲು ಶುರು ಮಾಡುತ್ತೇನೆ. ಹಗಲು ಫೌಂಡ್ರಿಯಲ್ಲಿ ದುಡಿದು ಸಂಜೆ ಕ್ಲಾಸಿಗೆ ಬರುತ್ತಿದ್ದ ಒಬ್ಬ ಹುಡುಗ ಮೊದಲ ಸಲ ಬರೆದದ್ದು ಒಂದೇ ಸಾಲು: ‘ಇವತ್ತು ಕೆಲಸ ಮಾಡಿದೆ.’ ಯಾವ ಪೀಸು, ಡ್ರಾಯಿಂಗ್‌ನಲ್ಲಿ ಅಳತೆ ಎಷ್ಟಿತ್ತು, ಯಾವುದರಿಂದ ಅಳೆದೆ, ತಪ್ಪು ಕಂಡಾಗ ಏನು ಮಾಡಿದೆ ಅಂತ ಕೇಳುತ್ತಾ ಹೋದೆ. ನಿಧಾನಕ್ಕೆ ಬರಹ ಬದಲಾಯಿತು: ‘ಪಂಪಿನ ಎರಕದ ಕವಚದ ಅಂಚನ್ನು ಅರದಿಂದ ಉಜ್ಜಿದೆ. ವರ್ನಿಯರ್‌ನಿಂದ ವ್ಯಾಸ ಅಳೆದೆ. 0.2 ಮಿಲಿಮೀಟರ್ ಜಾಸ್ತಿ ಇದ್ದ ಕಾರಣ ಮೇಲ್ವಿಚಾರಕರಿಗೆ ತೋರಿಸಿ ಮತ್ತೆ ಲೇತ್‌ಗೆ ಹಾಕಿದೆ.’ ಇಷ್ಟನ್ನು ಜರ್ಮನ್‌ನಲ್ಲಿ ಬರೆಯಬಲ್ಲವನಿಗೆ ಅಲ್ಲಿನ ಮೊದಲ ವರ್ಷದ ಅರ್ಧ ಭಯ ಇಲ್ಲೇ ಹೋಗುತ್ತದೆ. ಬಿ1 ಪರೀಕ್ಷೆಗೆ ಬೇಕಾದದ್ದು ಸ್ನೇಹಿತರಿಗೆ ಮೇಲ್ ಬರೆಯುವುದು, ಪ್ರವಾಸದ ಪ್ಲ್ಯಾನ್ ಮಾತಾಡುವುದು, ಇಂಥವು. ಓದು, ಕೇಳು, ಬರೆ, ಮಾತಾಡು ಎಂಬ ನಾಲ್ಕರಲ್ಲೂ ನೂರಕ್ಕೆ 60 ಬಂದರೆ ಪಾಸು. ಆದರೆ ಅದರಲ್ಲಿ ಅರವೂ ಇಲ್ಲ, ವರ್ನಿಯರೂ ಇಲ್ಲ.

ಕನ್ನಡ ಮೀಡಿಯಮ್‌ನಲ್ಲಿ ಓದಿದವರು ಹೆದರಿಕೊಂಡು ಬರುತ್ತಾರೆ. ಹೆದರುವ ಅಗತ್ಯವೇ ಇಲ್ಲ. ‘ಜಾಸ್ತಿ ಇದ್ದ ಕಾರಣ’ ಅನ್ನುವಂಥ ವಾಕ್ಯಗಳಲ್ಲಿ ಜರ್ಮನ್ ಕ್ರಿಯಾಪದ ಕೊನೆಗೆ ಬರುತ್ತದೆ, ನಮ್ಮ ಕನ್ನಡದ ಹಾಗೇ. ಇಂಗ್ಲಿಷ್ ಮೂಲಕ ಕಲಿಯುವವರು ಅಲ್ಲಿ ತಡವರಿಸುತ್ತಾರೆ. ಕನ್ನಡದಿಂದ ನೇರವಾಗಿ ಹೋದರೆ ಅದು ಸಲೀಸು.

ಶಾಲೆಯಲ್ಲಿ ವೃತ್ತಿಯ ವಿಷಯಗಳಷ್ಟೇ ಅಲ್ಲ, ಅರ್ಥವ್ಯವಸ್ಥೆ ಮತ್ತು ಸಮಾಜ ಅನ್ನುವ ವಿಷಯವೂ ಇದೆ. ಕಾರ್ಮಿಕರ ಹಕ್ಕು, ವಿಮೆ, ಒಪ್ಪಂದ, ಕಾರ್ಮಿಕ ಸಂಘ ಎಲ್ಲ ಅದರಲ್ಲಿ ಬರುತ್ತದೆ, ಪರೀಕ್ಷೆಯಲ್ಲೂ ಕೇಳುತ್ತಾರೆ. ಫೇಲಾದರೆ ಎರಡು ಸಲ ಮತ್ತೆ ಬರೆಯಬಹುದು. ನೀವು ಕೇಳಿಕೊಂಡರೆ ಮುಂದಿನ ಪರೀಕ್ಷೆಯವರೆಗೆ ತರಬೇತಿ ಮುಂದುವರಿಯುತ್ತದೆ, ಒಟ್ಟು ಒಂದು ವರ್ಷದವರೆಗೆ.

ನರ್ಸಿಂಗ್ ಬಗ್ಗೆ ಒಂದು ಮಾತು ಹೇಳಲೇಬೇಕು. ಜಿಎನ್‌ಎಂ ಅಥವಾ ಬಿ.ಎಸ್ಸಿ. ನರ್ಸಿಂಗ್ ಮುಗಿಸಿದವರನ್ನೂ ಮೂರು ವರ್ಷದ ಔಸ್‌ಬಿಲ್ಡುಂಗ್‌ಗೆ ಸೇರಿಸುವ ಏಜೆಂಟರಿದ್ದಾರೆ. ದಯವಿಟ್ಟು ಒಪ್ಪಬೇಡಿ. ನಿಮ್ಮ ಓದಿಗೆ ಅಲ್ಲಿ ಮಾನ್ಯತೆ ಕೇಳುವ ದಾರಿಯೇ ಬೇರೆ ಇದೆ. ಸಾಮಾನ್ಯವಾಗಿ ಬಿ1ರ ಮುಂದಿನ ಹಂತವಾದ ಬಿ2 ಜರ್ಮನ್ ಬೇಕು, ಕೊರತೆ ಇದ್ದ ಭಾಗಕ್ಕೆ ಹೊಂದಾಣಿಕೆ ತರಬೇತಿ ಅಥವಾ ಒಂದು ಪರೀಕ್ಷೆ ಇರುತ್ತದೆ. ಓದಿದ್ದನ್ನೇ ಮತ್ತೆ ಮೊದಲಿನಿಂದ ಓದಿ ಮೂರು ವರ್ಷ ಕಳೆಯುವುದು ಯಾಕೆ? ಪಿಯುಸಿ ಮುಗಿಸಿ ಹೊಸದಾಗಿ ಶುರು ಮಾಡುವವರಿಗೆ ಮಾತ್ರ ಔಸ್‌ಬಿಲ್ಡುಂಗ್ ಸರಿ.

ಇನ್ನು ದುಡ್ಡು. 2025ರಲ್ಲಿ ಸೇರಿದವರಿಗೆ ಕಾನೂನಿನ ಕನಿಷ್ಠ ಭತ್ಯೆ ಮೊದಲ ವರ್ಷ ತಿಂಗಳಿಗೆ 682 ಯೂರೋ. ಎರಡನೇ ವರ್ಷ ಅದಕ್ಕಿಂತ ಶೇ. 18, ಮೂರನೇ ವರ್ಷ ಶೇ. 35 ಜಾಸ್ತಿ. ಎಷ್ಟೋ ಕಡೆ ಇದಕ್ಕಿಂತ ಹೆಚ್ಚೇ ಕೊಡುತ್ತಾರೆ. ಆದರೆ ಸಾಮಾಜಿಕ ವಿಮೆಗೆ ಅಂತ ಸುಮಾರು ಐದನೇ ಒಂದು ಭಾಗ ಕಡಿತವಾಗುತ್ತದೆ. ಮ್ಯೂನಿಕ್‌ನಂಥ ಊರಿನಲ್ಲಿ ಉಳಿದದ್ದು ಒಂದು ಕೋಣೆಯ ಬಾಡಿಗೆಗೂ ಸಾಲದೆ ಹೋಗಬಹುದು. ಬರುವ ಭತ್ಯೆ ಖರ್ಚಿಗೆ ಸಾಲದು ಅಂತ ಕಂಡರೆ, ಉಳಿದ ಹಣ ಎಲ್ಲಿಂದ ಬರುತ್ತದೆ ಅಂತ ವೀಸಾಕ್ಕೆ ತೋರಿಸಬೇಕು. ವಾರಕ್ಕೆ 20 ಗಂಟೆ ಬೇರೆ ಕೆಲಸ ಮಾಡಲು ಅವಕಾಶವಿದೆ ನಿಜ. ಆದರೆ ಕಂಪನಿ, ಶಾಲೆ, ವರದಿ ಪುಸ್ತಕ ಮೂರೂ ಇರುವಾಗ ಅದಕ್ಕೆ ಸಮಯ ಎಲ್ಲಿದೆ? ಹಾಗಾಗಿ ಮೊದಲ ವರ್ಷ ಮನೆಗೆ ದುಡ್ಡು ಕಳಿಸುತ್ತಾನೆ ಅಂತ ಅಡಿಕೆ ತೋಟದ ಮೇಲೆ ಸಾಲ ಮಾಡಬೇಡಿ. ಆ ಕಂತಿನ ಚಿಂತೆಯಲ್ಲೇ ಹುಡುಗ ಓದು ಬಿಟ್ಟು ರಾತ್ರಿ ಕೆಲಸಕ್ಕೆ ಹೋಗುತ್ತಾನೆ.

ಕಂಪನಿಯ ಔಸ್‌ಬಿಲ್ಡುಂಗ್‌ಗೆ ಕಂಪನಿ ನಿಮ್ಮಿಂದ ಫೀಸು ತೆಗೆದುಕೊಳ್ಳುವುದಿಲ್ಲ. ‘ಸೀಟಿಗೆ ಇಷ್ಟು ಲಕ್ಷ’ ಅಂದರೆ ಅಲ್ಲೇ ಅನುಮಾನ ಪಡಬೇಕು. ಒಪ್ಪಂದ ಕೈಗೆ ಬಂದ ಮೇಲೆ ಒಂದೇ ಒಂದು ವಿಷಯ ಕೇಳಿ: ಇದು ಮಂಡಳಿಯಲ್ಲಿ ನೋಂದಣಿಯಾಗಿದೆಯಾ? ನಿಜವಾದ ಕಂಪನಿ ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ. ಪರೀಕ್ಷಾರ್ಥ ಅವಧಿಯನ್ನೂ ನೋಡಿ. ಕಂಪನಿ ತರಬೇತಿಯಲ್ಲಿ ಅದು ಒಂದರಿಂದ ನಾಲ್ಕು ತಿಂಗಳು, ನರ್ಸಿಂಗ್‌ನಲ್ಲಿ ಸಾಮಾನ್ಯವಾಗಿ ಆರು ತಿಂಗಳು. ಆ ಅವಧಿಯಲ್ಲಿ ಎರಡೂ ಕಡೆಯವರು ಸುಲಭವಾಗಿ ಬಿಡಬಹುದು. ಆಮೇಲೆ ಗಟ್ಟಿ ಕಾರಣವಿಲ್ಲದೆ ಕಂಪನಿ ತೆಗೆಯುವಂತಿಲ್ಲ. ನಿಮ್ಮ ತಪ್ಪಿಲ್ಲದೆ ತರಬೇತಿ ನಿಂತರೆ, ಬೇರೆ ಕಡೆ ಹುಡುಕಿಕೊಳ್ಳಲು ಆರು ತಿಂಗಳವರೆಗೆ ಸಮಯ ಸಿಗುತ್ತದೆ. ಇದು ಗೊತ್ತಿಲ್ಲದೆ ಎಷ್ಟೋ ಮಕ್ಕಳು ಕೆಟ್ಟ ಜಾಗದಲ್ಲಿ ಸುಮ್ನೆ ಸಹಿಸಿಕೊಂಡು ಇರುತ್ತಾರೆ. ನನಗೆ ಅತಿ ಹೆಚ್ಚು ನೋವು ಕೊಡುವುದು ಇದೇ.

ಅಲ್ಲಿ ತರಬೇತಿ ವರ್ಷ ಶುರುವಾಗುವುದು ಆಗಸ್ಟ್ ಅಥವಾ ಸೆಪ್ಟೆಂಬರ್‌ನಲ್ಲಿ. ಅನೇಕ ಕಂಪನಿಗಳು ಒಂದು ವರ್ಷ ಮುಂಚೆಯೇ ಆಯ್ಕೆ ಮಾಡಿಕೊಳ್ಳುತ್ತವೆ. ಈಗ ಐಟಿಐ ಕೊನೆಯ ವರ್ಷದಲ್ಲಿರುವವರು ಪರೀಕ್ಷೆ ಮುಗಿಯಲಿ ಅಂತ ಕಾಯದೆ ಈಗಲೇ ಭಾಷೆ ಶುರು ಮಾಡಿದರೆ ಒಳ್ಳೆಯದು. ಬೆಂಗಳೂರಿನಲ್ಲಿ ವೀಸಾ ಅರ್ಜಿ ಕೊಟ್ಟು ಕಾಯುವ ತಿಂಗಳುಗಳಲ್ಲಿ ಬಹಳ ಜನ ಜರ್ಮನ್ ಮುಟ್ಟುವುದೇ ಇಲ್ಲ. ಆಗಲೇ ಕಂಪನಿಗೆ ಒಂದು ಮೇಲ್ ಬರೆಯಿರಿ. ನನ್ನ ವೃತ್ತಿಶಾಲೆ ಯಾವುದು, ಮೊದಲ ವರ್ಷದ ಪುಸ್ತಕ ಯಾವುದು ಅಂತ ಕೇಳಿ. ಹೆಸರು ಸಿಕ್ಕರೆ ಪುಸ್ತಕ ತರಿಸಿಕೊಂಡು ಮೊದಲ ಪಾಠ ಓದಲು ಶುರು ಮಾಡಿ. ಮೇಲ್ ಮಾತ್ರ ನೀವೇ ಬರೆಯಿರಿ, ಜರ್ಮನ್‌ನಲ್ಲೇ.