ಹಳಸಿಲ್ಲ ಅಂದಮಾತ್ರಕ್ಕೆ

ಸೂಪರ್‌ಮಾರ್ಕೆಟ್ಟಿನ ಫ್ರಿಜ್ಜಿನಿಂದ ತಂದ ಚಿತ್ರಾನ್ನದ ಡಬ್ಬಿ ತೆರೆದರೆ ಎಲ್ಲರೂ ಮೊದಲು ಮಾಡುವುದು ಮೂಸಿ ನೋಡುವುದು. ವಾಸನೆ ಬಂದಿಲ್ಲ, ಅನ್ನ ಲೋಳೆಯಾಗಿಲ್ಲ, ಸರಿ, ತಿನ್ನಬಹುದು. ಅನ್ನ ಹಳಸಿದ್ದನ್ನು ಪತ್ತೆಹಚ್ಚಲು ಮೂಗು ಸಾಕು, ಅದರಲ್ಲಿ ಅನುಮಾನವಿಲ್ಲ. ಆದರೆ ಊಟವನ್ನು ಹಳಸುವ ಬ್ಯಾಕ್ಟೀರಿಯಾಗಳೇ ಬೇರೆ, ನಮ್ಮನ್ನು ಮಲಗಿಸುವ ಬ್ಯಾಕ್ಟೀರಿಯಾಗಳೇ ಬೇರೆ. ಎರಡನೆಯವು ಲಕ್ಷಗಟ್ಟಲೆ ಬೆಳೆದರೂ ಬಣ್ಣ, ವಾಸನೆ, ರುಚಿ ಹಾಗೆಯೇ ಇರಬಹುದು.

ಅನ್ನದಲ್ಲಿ ಹೆಚ್ಚು ತೊಂದರೆ ಕೊಡುವುದು ಬ್ಯಾಸಿಲಸ್ ಸೀರಿಯಸ್. ಮಣ್ಣಿನಲ್ಲಿರುವ ಇದು ಭತ್ತದ ಜೊತೆಗೇ ಬರುತ್ತದೆ. ಪರಿಸ್ಥಿತಿ ಅನುಕೂಲವಿಲ್ಲದಾಗ ಸ್ಪೋರ್ ಎಂಬ ಗಟ್ಟಿ ಚಿಪ್ಪಿನ ರೂಪ ತಾಳಿ ಕುಳಿತಿರುತ್ತದೆ; ನೀರು ಕುದಿಸಿದರೂ ಅದು ಸಾಯುವುದಿಲ್ಲ. ಅಕ್ಕಿ ಬೇಯುವಾಗ ಉಳಿದ ಬ್ಯಾಕ್ಟೀರಿಯಾಗಳು ಸಾಯುವುದರಿಂದ ಪೈಪೋಟಿಯೂ ಇರುವುದಿಲ್ಲ. ಅನ್ನ ಉಗುರುಬೆಚ್ಚಗಾದಾಗ ಸ್ಪೋರ್ ಮೊಳೆತು ಹೆಚ್ಚತೊಡಗುತ್ತದೆ. ಒಂದು ಗ್ರಾಂ ಅನ್ನದಲ್ಲಿ 100 ಇದ್ದು, ಅರ್ಧ ಗಂಟೆಗೊಮ್ಮೆ ಇಮ್ಮಡಿಯಾದರೆ 5 ಗಂಟೆಯಲ್ಲಿ ಒಂದು ಲಕ್ಷ ದಾಟುತ್ತದೆ. ಕಾಯಿಲೆ ಬರಲು ಸಾಮಾನ್ಯವಾಗಿ ಅಷ್ಟು ಸಾಕು.

ಹಾಗಾಗಿ ಅಡುಗೆಮನೆಯಲ್ಲಿ ಪ್ರಶ್ನೆ ಇರುವುದು ಬೇಯಿಸುವುದರಲ್ಲಲ್ಲ, ಆರಿಸುವುದರಲ್ಲಿ. 60 ಡಿಗ್ರಿಯಿಂದ 21 ಡಿಗ್ರಿಗೆ 2 ಗಂಟೆಯೊಳಗೆ, ಅಲ್ಲಿಂದ 5 ಡಿಗ್ರಿಗೆ ಮುಂದಿನ 4 ಗಂಟೆಯೊಳಗೆ ಇಳಿಯಬೇಕು. ದೊಡ್ಡ ಪಾತ್ರೆಯಲ್ಲಿ ಗುಡ್ಡೆಯಾಗಿ ಬಿದ್ದ 20 ಕೆ.ಜಿ. ಅನ್ನ ಫ್ರಿಜ್ಜಿನಲ್ಲಿಟ್ಟರೂ ಹೀಗೆ ಆರುವುದಿಲ್ಲ. ಮೇಲ್ಪದರ ತಣ್ಣಗಿದ್ದರೂ ನಡುವಿನ ಭಾಗ ಗಂಟೆಗಟ್ಟಲೆ ಬೆಚ್ಚಗೇ ಉಳಿಯುತ್ತದೆ. ಅಗಲ ಟ್ರೇಗಳಲ್ಲಿ ಎರಡು ಅಂಗುಲ ಮೀರದಂತೆ ಹರವಿ, ಗಾಳಿಯಾಡಿಸಿ, ಆಮೇಲೆ ಒಗ್ಗರಣೆಗೆ ಕಲಸಿ ಪ್ಯಾಕ್ ಮಾಡುವುದು ಸರಿಯಾದ ಕ್ರಮ. ಬಿಸಿ ಇರುವಾಗಲೇ ತುಂಬಿ ಮುಚ್ಚಳ ಹಾಕಿದ ಡಬ್ಬಿ ಮುಚ್ಚಳದಿಂದಲೇ ಸಿಕ್ಕಿಬೀಳುತ್ತದೆ: ಒಳಗಡೆ ದಪ್ಪ ದಪ್ಪ ನೀರಹನಿಗಳು, ಅಂಚಿನಲ್ಲಿ ಒದ್ದೆಯಾಗಿ ಮುದ್ದೆಯಾದ ಅನ್ನ. ಅಂಥ ಡಬ್ಬಿ ಕೈಗೆ ಬಂದರೆ ವಾಪಸ್ ಇಡಿ.

"ಓವನ್ನಿನಲ್ಲಿ ಚೆನ್ನಾಗಿ ಬಿಸಿ ಮಾಡಿದರಾಯ್ತಲ್ಲ" ಎನ್ನುವವರಿದ್ದಾರೆ. ಬಿಸಿಗೆ ಬ್ಯಾಕ್ಟೀರಿಯಾ ಸಾಯುತ್ತದೆ, ನಿಜ. ಆದರೆ ಈ ಜೀವಿ ಅಷ್ಟರೊಳಗೆ ಅನ್ನದಲ್ಲಿ ಉಗುಳಿರಬಹುದಾದ ಸೆರ್ಯುಲೈಡ್ ಎಂಬ ವಿಷ ಒಲೆಯ ಬಿಸಿಗೆ ಜಗ್ಗುವುದಿಲ್ಲ. ಕೈಯಿಂದ, ಮೂಗಿನಿಂದ ಆಹಾರಕ್ಕೆ ದಾಟುವ ಇನ್ನೊಂದು ಬ್ಯಾಕ್ಟೀರಿಯಾ ಸ್ಟ್ಯಾಫಿಲೊಕಾಕಸ್‌ನ ವಿಷವೂ ಅಷ್ಟೇ ಮೊಂಡು. ಬರಿಗೈಯಲ್ಲಿ ಕಲಸಿದ ಅನ್ನ, ಬರಿಗೈಯಲ್ಲಿ ಬಿಡಿಸಿಟ್ಟ ಬೇಯಿಸಿದ ಮೊಟ್ಟೆ ಅದಕ್ಕೆ ಅಚ್ಚುಮೆಚ್ಚು.

ಮೊಸರನ್ನದ ಕಥೆ ಸ್ವಲ್ಪ ವಿಚಿತ್ರ. ಮೊಸರು ಹುಳಿಯಾದಷ್ಟೂ ರಕ್ಷಣೆ ಹೆಚ್ಚು, ಹುಳಿಯ ಅಳತೆಯಾದ ಪಿಎಚ್ (ಇದು ಕಡಿಮೆಯಾದಷ್ಟೂ ಹುಳಿ ಹೆಚ್ಚು) 4.6ಕ್ಕಿಂತ ಕೆಳಗಿಳಿದ ಆಹಾರದಲ್ಲಿ ಹೆಚ್ಚಿನ ರೋಗಕಾರಕಗಳು ಬೆಳೆಯಲಾರವು. ಪ್ರಯಾಣಕ್ಕೆ ಕಟ್ಟುವಾಗ ಮಧ್ಯಾಹ್ನಕ್ಕೆ ಹುಳಿ ಬರಬಾರದೆಂದು ಅನ್ನಕ್ಕೆ ಹಾಲು ಹೆಚ್ಚು, ಮೊಸರು ಒಂದೇ ಚಮಚ ಹಾಕಿ ಕಲಸುವುದು ನಮ್ಮ ಹಳೆಯ ಉಪಾಯ. ರುಚಿಗೆ ಒಳ್ಳೆಯದು. ಆದರೆ ಹಾಲು ಹೆಪ್ಪುಗಟ್ಟಿ ಹುಳಿಯೇರುವ ತನಕ ಆ ಡಬ್ಬಿಯಲ್ಲಿರುವುದು ಬೆಚ್ಚಗಿನ ಹಾಲನ್ನ, ಅಂದರೆ ರಕ್ಷಣೆಯೇ ಇಲ್ಲದ ಕೆಲವು ಗಂಟೆಗಳು. ಬೆಳಿಗ್ಗೆ ಕಟ್ಟಿ ಮಧ್ಯಾಹ್ನ ತಿನ್ನುವ ಮನೆಯವರಿಗಿಂತ, ಅದೇ ಉಪಾಯ ಮಾಡಿ ಎರಡು ದಿನ ಮಾರುವವರು ಹೆಚ್ಚು ಎಚ್ಚರವಾಗಿರಬೇಕು. ಗೊಜ್ಜು ಸರಿಯಾಗಿ ಹಿಡಿದ ಪುಳಿಯೋಗರೆ ಈ ಲೆಕ್ಕದಲ್ಲಿ ಎಷ್ಟೋ ವಾಸಿ. ಹಸಿ ತೆಂಗಿನಕಾಯಿ ಚಟ್ನಿಗೆ ಅಂಥ ಹುಳಿಯ ಆಸರೆಯಿಲ್ಲ.

ಬೇಯಿಸದೆ ತಿನ್ನುವ ಪೊಟ್ಟಣಗಳಲ್ಲಿ ಮೊಳಕೆ ಕಾಳಿನಷ್ಟು ಭಯ ಮತ್ತೊಂದಕ್ಕಿಲ್ಲ. ಕಾಳು ಮೊಳೆಯಲು ಬೇಕಾದ ತೇವ, ಬೆಚ್ಚಗೆ, ಒಂದೆರಡು ದಿನದ ಸಮಯ ಬ್ಯಾಕ್ಟೀರಿಯಾಗೂ ಅದೇ ಬೇಕು. 2011ರಲ್ಲಿ ಜರ್ಮನಿಯಲ್ಲಿ ಇ. ಕೋಲಿ ಎಂಬ ಬ್ಯಾಕ್ಟೀರಿಯಾದ ಒಂದು ಅಪಾಯಕಾರಿ ತಳಿ 3,800ಕ್ಕೂ ಹೆಚ್ಚು ಜನರಿಗೆ ತಗುಲಿ 50ಕ್ಕೂ ಹೆಚ್ಚು ಮಂದಿ ಸತ್ತರು. ಮೊದಲು ಸ್ಪೇನಿನ ಸೌತೆಕಾಯಿಯ ಮೇಲೆ ಅನುಮಾನ ಬಿತ್ತು. ಕೊನೆಗೆ ಸಿಕ್ಕದ್ದು ಈಜಿಪ್ಟಿನಿಂದ ಬಂದ ಮೆಂತ್ಯದ ಕಾಳಿನಿಂದ ಬೆಳೆಸಿದ ಮೊಳಕೆ. ಕಾಳಿನ ಬಿರುಕಿನೊಳಗೆ ಸೇರಿದ್ದು ತೊಳೆದರೆ ಹೋಗದು. ಪೊಟ್ಟಣದ ಮೊಳಕೆಯನ್ನು ಹಬೆಯಲ್ಲಿ ಬೇಯಿಸಿ, ಆಮೇಲೆ ನಿಂಬೆಹಣ್ಣು ಹಿಂಡಿ. ಕೋಸಂಬರಿಯ ಹೆಸರುಬೇಳೆ ನೆನೆಯುವುದು ಒಂದೆರಡು ಗಂಟೆ ಮಾತ್ರ, ಅದನ್ನು ಇದರ ಜೊತೆ ಸೇರಿಸಬೇಡಿ.

ಕತ್ತರಿಸಿದ ಹಣ್ಣಿನಲ್ಲಿ ಅನಾನಸ್ ತನ್ನ ಹುಳಿಯಿಂದ ಬಚಾವಾಗುತ್ತದೆ; ಪರಂಗಿ, ಕಲ್ಲಂಗಡಿ, ಕರಬೂಜಕ್ಕೆ ಆ ಭಾಗ್ಯವಿಲ್ಲ. ಕರಬೂಜದ ಒರಟು ಸಿಪ್ಪೆಯಲ್ಲಿ ಕುಳಿತ ಮಣ್ಣನ್ನು ಚಾಕು ತಿರುಳಿಗೆ ಒಯ್ಯುತ್ತದೆ. ಅಮೆರಿಕದ ಕೊಲರಾಡೊದಲ್ಲಿ ಬೆಳೆದ ಕರಬೂಜದಿಂದ 2011ರಲ್ಲೇ 147 ಮಂದಿಗೆ ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾ ತಗುಲಿ 33 ಮಂದಿ ಸತ್ತರು.

ಈ ಲಿಸ್ಟೀರಿಯಾದ ಕೆಟ್ಟ ಗುಣವೆಂದರೆ ಫ್ರಿಜ್ಜಿನಲ್ಲೂ ನಿಧಾನವಾಗಿ ಬೆಳೆಯುವುದು. ಗರ್ಭಿಣಿಯರಿಗೆ ಬರೀ ಜ್ವರ, ಮೈಕೈ ನೋವಿನಂತೆ ಕಂಡು ಮಗುವನ್ನೇ ಬಲಿ ತೆಗೆದುಕೊಳ್ಳಬಹುದು. ಲಕ್ಷಣ ಕಾಣಲು ಕೆಲವೊಮ್ಮೆ 70 ದಿನವೂ ಆಗುತ್ತದೆ. ಒಂದು ಸಮಾಧಾನ, ಇದು ಬಿಸಿಗೆ ಬಗ್ಗುತ್ತದೆ: 70 ಡಿಗ್ರಿಯಲ್ಲಿ 2 ನಿಮಿಷ. ಗರ್ಭಿಣಿಯರು, ವಯಸ್ಸಾದವರು, ಕ್ಯಾನ್ಸರಿಗೆ ಕೀಮೋ ತೆಗೆದುಕೊಳ್ಳುತ್ತಿರುವವರು ತಣ್ಣಗಿನ ಸಾಸೇಜ್, ಸಲಾಮಿಯನ್ನು ಹೊಗೆಯಾಡುವಷ್ಟು ಬಿಸಿ ಮಾಡಿಯೇ ತಿನ್ನಬೇಕು.

ಅಂಗಡಿಯವರಿಗೊಂದು ಮಾತು. ಚಿಲ್ಲರ್ ಮೇಲಿನ ಕೆಂಪು ಅಂಕಿ ತೋರಿಸುವುದು ಒಳಗಿನ ಗಾಳಿಯ ಉಷ್ಣತೆಯನ್ನು, ಡಬ್ಬಿಯದ್ದಲ್ಲ. ಮುಂದಿನ ಸಾಲಿನ ಎರಡು ಪೊಟ್ಟಣಗಳ ನಡುವೆ ಥರ್ಮಾಮೀಟರ್ ಒತ್ತಿ ಐದು ನಿಮಿಷ ಬಿಡಿ. 5 ಡಿಗ್ರಿ ದಾಟಿದ್ದರೆ, ಹಿಂದಿನ ಗಾಳಿಕಿಂಡಿಗೆ ಸರಕು ಅಡ್ಡ ಇಟ್ಟಿದ್ದೀರಾ ನೋಡಿ. ಬಹಳ ಸಲ ಕಾರಣ ಅದೇ. ರಾತ್ರಿ ಸ್ವಿಚ್ ಆರಿಸಿದರೆ ಪೊಟ್ಟಣದ ಮೇಲಿನ ತಾರೀಖಿಗೆ ಅರ್ಥವೇ ಉಳಿಯುವುದಿಲ್ಲ, ಆ ತಾರೀಖು ಹಾಕಿರುವುದು ತಂಪು ತಪ್ಪದು ಎಂಬ ನಂಬಿಕೆಯ ಮೇಲೆ.

ತಿಂದ ಒಂದರಿಂದ ಆರು ಗಂಟೆಯೊಳಗೆ ವಾಂತಿ ಶುರುವಾದರೆ ಮೇಲೆ ಹೇಳಿದ ವಿಷಗಳ ಕೈವಾಡವಿರಬಹುದು. ಓಆರ್‌ಎಸ್ ಗುಟುಕು ಗುಟುಕಾಗಿ ಕುಡಿಸಿ. ರಕ್ತಭೇದಿ, ಜೋರು ಜ್ವರ, ಮೂತ್ರ ಕಟ್ಟುವುದು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಉಳಿದ ಊಟವನ್ನು ಎಸೆಯಬೇಡಿ, ಡಬ್ಬಿ ತೊಳೆಯಲೂ ಬೇಡಿ. ಲೇಬಲ್ ಸಮೇತ ಕವರಿನಲ್ಲಿ ಕಟ್ಟಿ, ಯಾರೂ ತಿನ್ನದಂತೆ ಗುರುತು ಹಾಕಿ ಫ್ರಿಜ್ಜಿನಲ್ಲಿಡಿ. ಆಹಾರ ಸುರಕ್ಷತಾ ಅಧಿಕಾರಿಗೆ ದೂರು ಕೊಡುವಾಗ ಬೇಕಾಗುವುದು ಆ ಡಬ್ಬಿ, ಬಿಲ್ಲು ಮತ್ತು ಲೇಬಲ್ ಮೇಲಿನ 14 ಅಂಕಿಯ ಎಫ್‌ಎಸ್‌ಎಸ್‌ಎಐ ಸಂಖ್ಯೆ.